ಚೋರ್ ಬಜಾರಿನ ತಪ್ಪಲೆ

ಮುಂಬಯಿಯ ಹಳಬರು ಹೇಳುವ ಮಾತೊಂದುಂಟು. ಮನೆಯಿಂದ ಯಾವುದಾದರೂ ಸಾಮಾನು ಕಾಣೆಯಾದರೆ ಪೊಲೀಸ್ ಠಾಣೆಗೆ ಹೋಗುವ ಮೊದಲು ಚೋರ್ ಬಜಾರಿಗೆ ಹೋಗಿ ನೋಡಿ. ಅದು ಅಲ್ಲಿ ನಿಮಗಾಗಿ ಕಾದಿರುತ್ತದೆ, ಬೆಲೆಯನ್ನು ಮಾತ್ರ ನೀವೇ ತೆರಬೇಕು! ವಿಕ್ಟೋರಿಯಾ ರಾಣಿಯ ಪಿಟೀಲು ಹಡಗಿನಿಂದ ಇಳಿಸುವಾಗ ಮಾಯವಾಗಿ ಇಲ್ಲಿಯ ಅಂಗಡಿಯೊಂದರಲ್ಲಿ ಸಿಕ್ಕಿತಂತೆ ಎಂಬ ಕತೆಯನ್ನೂ ಹೇಳುತ್ತಾರೆ. ವಿಕ್ಟೋರಿಯಾ ರಾಣಿ ಭಾರತಕ್ಕೆ ಕಾಲಿಡಲೇ ಇಲ್ಲ ಎಂಬುದು ಇತಿಹಾಸ. ಆದರೆ ಒಳ್ಳೆಯ ಕತೆಗೆ ಇತಿಹಾಸದ ಅಡ್ಡಿ ಎಲ್ಲಿಯದು?

ಹೆಸರಿನ ಬಗೆಗೂ ವಾದವಿದೆ. ಇದು ಮೊದಲು ಶೋರ್ ಬಜಾರ್, ಅಂದರೆ ಗದ್ದಲದ ಪೇಟೆಯಾಗಿತ್ತೆಂದೂ, ಆಂಗ್ಲರ ಬಾಯಲ್ಲಿ ಶೋರ್ ಎಂಬುದು ಚೋರ್ ಆಯಿತೆಂದೂ ಕೆಲವರು ಹೇಳುತ್ತಾರೆ. ಗದ್ದಲವಂತೂ ಇಂದಿಗೂ ಇದೆ. ಕಳ್ಳತನದ ಮಾತು ಬೇರೆ. ಅಲ್ಲಿ ರಾಶಿ ಬಿದ್ದಿರುವ ಹಳೆಯ ಪಾತ್ರೆಪಡಗಗಳನ್ನು ನೋಡಿ ಬಂದ ಮೇಲೆ ನಮಗೆ ಅನಿಸಿದ್ದು ಇಷ್ಟೇ: ಇವುಗಳಲ್ಲಿ ಬಹುಪಾಲು ಯಾರೂ ಕದ್ದು ತಂದದ್ದಲ್ಲ. ನಾವೇ ಕೊಟ್ಟದ್ದು. ಏಕೆ ಕೊಟ್ಟೆವು, ಕೊಟ್ಟು ಏನನ್ನು ಪಡೆದೆವು ಎಂಬುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಬರಹ.

ಕಳೆದ ಚಳಿಗಾಲದ ಒಂದು ಶನಿವಾರ, ಕಚೇರಿಗೆ ರಜೆಯಿದ್ದ ದಿನ, ನಮ್ಮ ಮಿತ್ರರೊಬ್ಬರು ನಮ್ಮನ್ನು ಹೊರಡಿಸಿದರು. ಇವರು ಧಾರವಾಡದ ಕಡೆಯವರು, ನಮ್ಮಂತೆಯೇ ಕೇಂದ್ರ ಸರ್ಕಾರದ ಗುಮಾಸ್ತರು. ಹಳೆಯ ತಟ್ಟೆ, ಕಪ್ಪು, ದೀಪ, ಸ್ಟೋವುಗಳನ್ನು ಕೂಡಿಹಾಕುವ ಹವ್ಯಾಸ ಅವರಿಗೆ. ನಾವೋ ಉಡುಪಿಯ ಕಡೆಯವರು, ಅಂತಹ ಹವ್ಯಾಸವಿಲ್ಲ. ಆದರೆ ಎಂದೋ ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದೇವೆಂಬ ಒಂದೇ ಕಾರಣಕ್ಕೆ ನಾವು ಲೋಹಪರೀಕ್ಷಕರಾಗಿ ನೇಮಕಗೊಂಡೆವು. ನಮ್ಮ ಪ್ರಯೋಗಶಾಲೆ ಜೇಬಿನಲ್ಲಿತ್ತು: ಒಂದು ಅಯಸ್ಕಾಂತದ ತುಂಡು, ಅರ್ಧ ನಿಂಬೆಹಣ್ಣು. ಹಿತ್ತಾಳೆ ಎಂದು ಮಾರುವ ಪಾತ್ರೆಗೆ ಅಯಸ್ಕಾಂತ ಅಂಟಿದರೆ ಅದು ಹಿತ್ತಾಳೆಯ ಲೇಪ ಕೊಟ್ಟ ಕಬ್ಬಿಣವೆಂದು ತಿಳಿಯಬೇಕು. ನಿಂಬೆರಸ ತಿಕ್ಕಿದರೆ ಕಪ್ಪಿನ ಕೆಳಗಿನ ನಿಜವಾದ ಬಣ್ಣ ಹೊರಬರುತ್ತದೆ. ಇಷ್ಟು ವಿಜ್ಞಾನ ಆ ಬೀದಿಗೆ ಸಾಕು.

ಹಡಗು ತಂದದ್ದು, ಮನೆ ಬಿಟ್ಟದ್ದು

ಹಾರ್ಬರ್ ಮಾರ್ಗದ ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದಲ್ಲಿ ಇಳಿದು, ಮಹಮ್ಮದ್ ಅಲಿ ರಸ್ತೆಯನ್ನು ದಾಟಿ ನಡೆದರೆ ಮಟನ್ ಸ್ಟ್ರೀಟ್ ಸಿಗುತ್ತದೆ. ಚೋರ್ ಬಜಾರಿನ ಹೃದಯ ಇದೇ. ಶುಕ್ರವಾರ ಇಲ್ಲಿಯ ಅಂಗಡಿಗಳು ಮುಚ್ಚಿರುತ್ತವೆ. ಆದರೆ ಅಂದು ಬೆಳಗಿನ ಜಾವದಿಂದಲೇ ಬೀದಿಯಲ್ಲಿ ಗೋಣಿ ಹಾಸಿ ಸಂತೆ ನೆರೆಯುತ್ತದೆ. ಉಳಿದ ದಿನಗಳಲ್ಲಿ ಅಂಗಡಿಗಳದೇ ರಾಜ್ಯ.

ಮುಂಬಯಿ ಬಂದರುಪಟ್ಟಣವಾದುದರಿಂದಲೇ ಈ ಬಜಾರು ಬೆಳೆಯಿತು ಎನ್ನಬಹುದು. ದಾರೂಖಾನೆಯಲ್ಲಿ ಹಳೆಯ ಹಡಗುಗಳನ್ನು ಒಡೆಯುತ್ತಿದ್ದರು. ಹಡಗಿನ ಗಡಿಯಾರ, ಲಾಂದ್ರ, ದಿಕ್ಸೂಚಿಗಳ ಜೊತೆಗೆ ಊಟದ ಕೋಣೆಯ ತಟ್ಟೆ, ಬೋಗುಣಿ, ಚಮಚಗಳೂ ಇಲ್ಲಿಗೆ ಬಂದವು. 1983ರಲ್ಲಿ ಗುಜರಾತಿನ ಅಲಂಗ್ ತೀರದಲ್ಲಿ ಹಡಗು ಒಡೆಯುವ ಕೆಲಸ ಆರಂಭವಾದ ಮೇಲೆ ಆ ಉದ್ಯಮದ ದೊಡ್ಡ ಪಾಲು ಅಲ್ಲಿಗೆ ಹೋಯಿತು. 1947ರ ಆಸುಪಾಸಿನಲ್ಲಿ ದೇಶ ಬಿಟ್ಟುಹೋದ ಆಂಗ್ಲ ಕುಟುಂಬಗಳ ಸಾಮಾನು, ಪಾಲಾದ ದೊಡ್ಡ ಮನೆಗಳ ಸಾಮಾನು, ಬಾಗಿಲು ಮುಚ್ಚಿದ ಇರಾನಿ ಹೋಟೆಲುಗಳ ಸಾಮಾನು, ಹೀಗೆ ಎಲ್ಲವೂ ಒಂದೊಂದಾಗಿ ಈ ಬೀದಿಯನ್ನು ಸೇರಿದವು. ಈಗ ಪಕ್ಕದ ಭೇಂಡಿ ಬಜಾರಿನಲ್ಲಿ ಸುಮಾರು 16.5 ಎಕರೆಯ ಹಳೆಯ ವಸತಿಯನ್ನು ಕೆಡವಿ ಎತ್ತರದ ಕಟ್ಟಡಗಳನ್ನು ಕಟ್ಟುವ ಯೋಜನೆ ನಡೆದಿದೆ. ಹಳೆಯದನ್ನು ಮಾರುವ ಬಜಾರೇ ಹಳೆಯದಾಗಿ ಅಂಚಿಗೆ ಸರಿಯುತ್ತಿದೆ.

ಬೆನ್ನಿನ ಮೇಲಿನ ಬರಹ

ನಮ್ಮ ಮಿತ್ರರು ಮೊದಲು ಹೊಕ್ಕದ್ದು ಪಿಂಗಾಣಿಯ ಅಂಗಡಿಯನ್ನು. ತಟ್ಟೆಯ ಚಿತ್ರವನ್ನು ಅವರು ನೋಡುವುದೇ ಇಲ್ಲ. ಮೊದಲು ಬೋರಲು ಹಾಕಿ ಬೆನ್ನನ್ನು ನೋಡುತ್ತಾರೆ. ತಟ್ಟೆಯ ಜಾತಕ ಅಲ್ಲಿದೆಯಂತೆ. ಅವರು ವಿವರಿಸಿದಾಗ ನಮಗೂ ಆಸಕ್ತಿ ಹುಟ್ಟಿತು. 1887ರಲ್ಲಿ ಬ್ರಿಟನ್ನು ತನ್ನಲ್ಲಿಗೆ ಬರುವ ಪರದೇಶದ ಸರಕಿನ ಗುರುತಿನ ಬಗ್ಗೆ ಕಾನೂನು ಮಾಡಿತು. ಅಮೆರಿಕವು 1891ರಿಂದ, ತಯಾರಾದ ದೇಶದ ಹೆಸರನ್ನು ಸರಕಿನ ಮೇಲೆ ಬರೆದಿರಲೇಬೇಕೆಂದು ವಿಧಿಸಿತು. ಆದ್ದರಿಂದ ಬೆನ್ನಿನ ಮೇಲೆ ದೇಶದ ಹೆಸರಿದ್ದರೆ ಆ ತಟ್ಟೆ ಹೆಚ್ಚಾಗಿ ಆ ಕಾಲದ ನಂತರದ್ದು. ಚೆಕೋಸ್ಲೊವಾಕಿಯ ಎಂದಿದ್ದರೆ 1918ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಆ ದೇಶ ಹುಟ್ಟಿದ್ದೇ ಆಗ. ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎಂಬರ್ಥದ ಮುದ್ರೆ ಇದ್ದರೆ, ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನು ಅಮೆರಿಕದ ಆಡಳಿತದಲ್ಲಿದ್ದು 1952ರಲ್ಲಿ ಬಿಡುಗಡೆಯಾಗುವ ಮುನ್ನಿನ ಆ ಕೆಲವೇ ವರ್ಷಗಳದು. ಸಾಮ್ರಾಜ್ಯಗಳು ಎದ್ದದ್ದು, ಬಿದ್ದದ್ದು ಎಲ್ಲವೂ ಚಹಾ ಬಸಿಯ ಬೆನ್ನಿನಲ್ಲಿ ದಾಖಲಾಗಿದೆ!

ಪಿಂಗಾಣಿ ಎಂದಾಗ ನಮ್ಮ ನಾಡನ್ನು ಮರೆಯುವಂತಿಲ್ಲ. ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರಿನಲ್ಲಿ 1930ರ ದಶಕದಲ್ಲೇ ಪಿಂಗಾಣಿ ಕಾರ್ಖಾನೆಯನ್ನು ಆರಂಭಿಸಿತ್ತು. ವಿದ್ಯುತ್ ತಂತಿಗೆ ಬೇಕಾದ ಪಿಂಗಾಣಿ ಬಿಲ್ಲೆಗಳು ಅದರ ಮುಖ್ಯ ತಯಾರಿಕೆ. 1976ರಲ್ಲಿ ಆ ಕಾರ್ಖಾನೆ ಬಿ.ಎಚ್.ಇ.ಎಲ್. ಸಂಸ್ಥೆಯನ್ನು ಸೇರಿತು. ಅದರ ಮುದ್ರೆ ಇರುವ ಬಸಿಯೊಂದು ಸಿಕ್ಕೀತೇ ಎಂದು ಮಿತ್ರರು ಅರ್ಧ ಗಂಟೆ ತಡಕಾಡಿದರು. ಅಂದು ಸಿಗಲಿಲ್ಲ.

ನೀಲಿ ಅಂಚಿನ ಮಗ್ಗು

ಮುಂದಿನ ಅಂಗಡಿಯ ಮೆಟ್ಟಿಲ ಮೇಲೆ ಎನಾಮಲ್ ಸಾಮಾನಿನ ರಾಶಿ ಇತ್ತು. ಬಿಳಿಯ ಮೈ, ನೀಲಿಯ ಅಂಚು, ಅಲ್ಲಲ್ಲಿ ಚಕ್ಕೆ ಎದ್ದು ಕರಿಯ ಕಬ್ಬಿಣ ಕಾಣುವ ತಟ್ಟೆ, ಮಗ್ಗುಗಳು. ನಮ್ಮ ಊರಿನಲ್ಲಿ ಇವನ್ನೂ ಪಿಂಗಾಣಿ ಎಂದೇ ಕರೆಯುತ್ತಿದ್ದರು. ಗಾಜಿನ ಪುಡಿಯನ್ನು ಕಬ್ಬಿಣದ ತಗಡಿಗೆ ಬಳಿದು ಸುಮಾರು 800 ಡಿಗ್ರಿ ಶಾಖದಲ್ಲಿ ಸುಟ್ಟರೆ ಗಾಜು ಕರಗಿ ಲೋಹಕ್ಕೆ ಅಂಟುತ್ತದೆ. ಹುಳಿಗೆ ಕಿಲುಬಿಲ್ಲ, ಕಲಾಯಿಯ ಗೊಡವೆಯಿಲ್ಲ, ತೂಕ ಕಡಿಮೆ. ಸ್ವೀಡನ್, ಜಪಾನ್ ಮೊದಲಾದ ದೇಶಗಳಿಂದ ಇದು ಭಾರತಕ್ಕೆ ಬಂದಿತು. ಆಮೇಲೆ ನಮ್ಮಲ್ಲೂ ತಯಾರಾಯಿತು. ಅಯಸ್ಕಾಂತ ಹಿಡಿದೆವು, ಟಕ್ಕೆಂದು ಅಂಟಿತು. ನಮ್ಮ ವಿದ್ವತ್ತಿಗೆ ನಾವೇ ಮೆಚ್ಚಿ ಮಿತ್ರರ ಕಡೆ ತಿರುಗಿದೆವು.

ಅವರು ಒಂದು ಮಗ್ಗನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮೂರಾಗ ಚಾದ ಅಂಗಡಿ ಹೊರಗ ಇಂಥಾದ್ದ ಇಟ್ಟಿರ್ತಿದ್ರು. ನಮ್ಮಪ್ಪ ಅದರಾಗ ಕುಡಿದು, ತಾನ ತೊಳದು, ಬೋರಲ ಇಟ್ಟು ಬರ್ತಿದ್ದ. ಒಳಗಿನವರಿಗೆ ಕಪ್ಪು ಬಸಿ,” ಎಂದರು. ಅವರೊಡನೆ ಹನ್ನೆರಡು ವರ್ಷ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿ ಉಂಡಿದ್ದೇವೆ. ಈ ಮಾತನ್ನು ಅವರು ಅದುವರೆಗೆ ಆಡಿರಲಿಲ್ಲ.

ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಏಕೆಂದರೆ ನಮ್ಮ ಅಜ್ಜನ ಮನೆಯ ಹಿತ್ತಿಲ ಜಗಲಿಯ ಮೂಲೆಯಲ್ಲೂ ಇಂತಹ ಒಂದು ತಟ್ಟೆ ಇತ್ತು, ಗದ್ದೆಯ ಕೆಲಸಕ್ಕೆ ಬರುವವರಿಗಾಗಿ. ಮಡಿಯ ಮನೆಗಳ ಲೆಕ್ಕಾಚಾರವನ್ನು ಬಲ್ಲವರು ಬಲ್ಲರು. ಹಿತ್ತಾಳೆ, ತಾಮ್ರ, ಕಂಚುಗಳನ್ನು ಹುಣಿಸೆಹಣ್ಣು, ಬೂದಿ, ಬೆಂಕಿಗಳಿಂದ ಶುದ್ಧ ಮಾಡಬಹುದು. ಪಿಂಗಾಣಿ, ಎನಾಮಲ್ಲುಗಳನ್ನು ಮಾಡಲಾಗದು. ಆದ್ದರಿಂದ ಅವು ಅಡಿಗೆಮನೆಯ ಹೊಸ್ತಿಲ ಹೊರಗೆ. ಹೊರಗಿನ ಪಾತ್ರೆ ಹೊರಗಿನವರಿಗೆ. ಲೋಹಕ್ಕೊಂದು ಜಾತಿ, ಅದರಲ್ಲಿ ಉಣ್ಣುವವನಿಗೊಂದು ಜಾತಿ.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನಿನಲ್ಲಿ ಪಾತ್ರೆಯ ಮಾತೇ ಬರುತ್ತದೆ ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ಹೋಟೆಲು, ಉಪಾಹಾರಗೃಹಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳನ್ನು ಬಳಸದಂತೆ ಯಾರನ್ನಾದರೂ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದು ಅಪರಾಧವೆಂದು ಅದರ 4ನೆಯ ಕಲಮು ಹೇಳುತ್ತದೆ. ಒಂದು ದೇಶದ ಶಾಸನಸಭೆ ಲೋಟ ತಟ್ಟೆಗಳ ಬಗ್ಗೆ ಕಾನೂನು ಬರೆಯಬೇಕಾಯಿತು! 1976ರಿಂದ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಬಂದಿದೆ. ಮುಂಬಯಿಯ ನಮ್ಮ ಸರ್ಕಾರಿ ವಸತಿಯಲ್ಲಿ ಕೂಡ ಪಾತ್ರೆ ತಿಕ್ಕುವ ಬಾಯಿಗೆ ಚಹಾ ಕೊಡುವ ಲೋಟ ಬಹುಕಾಲ ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇರುತ್ತಿತ್ತು. ಊರು ಬಿಟ್ಟು ಬಂದೆವು. ಆ ಲೋಟವನ್ನು ಬಿಟ್ಟು ಬಂದಿರಲಿಲ್ಲ.

ಮಿತ್ರರು ಆ ಮಗ್ಗನ್ನು ಕೊಂಡರು. ಏಕೆಂದು ನಾವು ಕೇಳಲಿಲ್ಲ.

ಹಿತ್ತಾಳೆಯಿಂದ ಸ್ಟೀಲಿಗೆ

ಎನಾಮಲ್ಲಿನ ಪಕ್ಕದಲ್ಲೇ ನೆಗ್ಗಿದ ಅಲ್ಯೂಮಿನಿಯಂ ಪಾತ್ರೆಗಳು. ಇಂದು ಬಡವರ ಲೋಹವೆನಿಸಿಕೊಂಡಿರುವ ಇದು ಒಂದು ಕಾಲದಲ್ಲಿ ಚಿನ್ನದ ಸಾಲಿನಲ್ಲಿ ಕುಳಿತಿತ್ತು. ಫ್ರಾನ್ಸಿನ ಮೂರನೆಯ ನೆಪೋಲಿಯನ್ ಚಕ್ರವರ್ತಿ ತನ್ನ ಆಪ್ತ ಅತಿಥಿಗಳಿಗೆ ಮಾತ್ರ ಅಲ್ಯೂಮಿನಿಯಂ ಚಮಚಗಳನ್ನು ಕೊಡುತ್ತಿದ್ದನೆಂದು ಹೇಳುವುದುಂಟು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆಯೇ, ವಿದ್ಯುತ್ತಿನಿಂದ ಇದನ್ನು ಅಗ್ಗವಾಗಿ ತೆಗೆಯುವ ವಿಧಾನವನ್ನು ಕಂಡುಹಿಡಿದರು. ಬೆಲೆ ಕುಸಿಯಿತು. ಭಾರತದಲ್ಲಿ ಇದರ ಪಾತ್ರೆಗಳ ತಯಾರಿಕೆಯನ್ನು ಮದರಾಸಿನ ಕಲಾಶಾಲೆಯಲ್ಲಿ 1898ರಲ್ಲಿ ಆರಂಭಿಸಿದವರು ಆ ಶಾಲೆಯ ಮುಖ್ಯಸ್ಥರಾಗಿದ್ದ ಆಲ್‌ಫ್ರೆಡ್ ಚ್ಯಾಟರ್‌ಟನ್. ಇದೇ ಮಹಾಶಯರು ಮುಂದೆ ಮೈಸೂರು ಸಂಸ್ಥಾನದ ಸೇವೆಗೆ ಬಂದು ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ಮೈಸೂರಿನ ಗಂಧದೆಣ್ಣೆಯ ಉದ್ಯಮಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರು.

ಆದರೂ ನಮ್ಮ ಮನೆಗಳ ಅಡಿಗೆಯ ರಾಜ್ಯ ಬಹುಕಾಲ ಹಿತ್ತಾಳೆಯದೇ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಹುಳಿ ಸೋಕಿದರೆ ತಾಮ್ರ ಕರಗಿ ಕಿಲುಬು ಬಿಡುತ್ತದೆ, ಅದು ವಿಷ. ಅದಕ್ಕೆ ಮದ್ದು ಕಲಾಯಿ. ಕಲಾಯಿಯವನು ಬೀದಿಯಲ್ಲೇ ತಿದಿಯೊತ್ತಿ, ಪಾತ್ರೆಯನ್ನು ಕಾಯಿಸಿ, ನವಸಾಗರ ಎರಚಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಒರೆಸಿದರೆ ಒಳಮೈ ಬೆಳ್ಳಿಯಂತೆ ಬೆಳಗುತ್ತಿತ್ತು. ತವರ 232 ಡಿಗ್ರಿಯಲ್ಲೇ ಕರಗುವುದರಿಂದ ಈ ಕೆಲಸಕ್ಕೆ ಬೀದಿಯ ಇದ್ದಿಲ ಒಲೆ ಸಾಕು. ನವಸಾಗರದ ಆ ಬಿಳಿಯ ಹೊಗೆಯ ವಾಸನೆಯನ್ನು ನಮ್ಮ ಪೀಳಿಗೆಯವರು ಮರೆತಿರಲಾರರು. ಆದರೆ ತವರ ನಮ್ಮ ದೇಶದಲ್ಲಿ ಹೇರಳವಾಗಿ ಸಿಗುವ ಲೋಹವಲ್ಲ. ಮಲಯದಿಂದ ಬರಬೇಕಿತ್ತು. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನೀಯರ ವಶವಾದಾಗ ಆ ದಾರಿಯೇ ಮುಚ್ಚಿತು. ತಾಮ್ರಕ್ಕೂ ಎಷ್ಟು ತತ್ವಾರವೆಂದರೆ 1943ರಿಂದ ಸರ್ಕಾರವೇ ನಡುವೆ ತೂತು ಕೊರೆದ ಕಾಸನ್ನು ಟಂಕಿಸಿತು.

ಇನ್ನು ಸ್ಟೀಲ್. ಕಬ್ಬಿಣಕ್ಕೆ ಸಾಕಷ್ಟು ಕ್ರೋಮಿಯಂ ಬೆರೆತರೆ ಅದರ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಹುಟ್ಟಿ ತುಕ್ಕನ್ನು ತಡೆಯುತ್ತದೆ. 1912ರಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆ, 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ, ಇಬ್ಬರೂ ಈ ತುಕ್ಕುಹಿಡಿಯದ ಉಕ್ಕಿಗೆ ಜನ್ಮದಾತರು. ನಮ್ಮಲ್ಲಿ ಇದರ ತಗಡು ಬಹುಕಾಲ ಆಮದಾಗುತ್ತಿತ್ತು, ಆದ್ದರಿಂದ ತುಟ್ಟಿ. ತಮಿಳುನಾಡಿನ ಸೇಲಂ ಉಕ್ಕಿನ ಕಾರ್ಖಾನೆ 1980ರ ದಶಕದ ಆರಂಭದಲ್ಲಿ ಇಂತಹ ತಗಡನ್ನು ಉರುಳಿಸತೊಡಗಿತು. ಅದಕ್ಕಿಂತ ಮೊದಲು ಮದುವೆಯ ಉಡುಗೊರೆಗಳಲ್ಲಿ ಸ್ಟೀಲ್ ಪಾತ್ರೆಯೆಂದರೆ ಬೆಳ್ಳಿಯ ತಮ್ಮನಂತೆ.

ನಮ್ಮ ತಾಯಿ 1978ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದಾಗ ಜೊತೆಗೆ ಎರಡು ಗೋಣಿ ಹಿತ್ತಾಳೆ ಪಾತ್ರೆ ಬಂದಿತ್ತಂತೆ. ಒಂದೇ ಕೋಣೆಯ ಮನೆ. ನಲ್ಲಿಯಲ್ಲಿ ನೀರು ಬೆಳಗ್ಗೆ ಒಂದೂವರೆ ಗಂಟೆ ಮಾತ್ರ. ಹುಣಿಸೆಹಣ್ಣು ಹಾಕಿ ತಿಕ್ಕುವುದಕ್ಕೆ ಹಿತ್ತಿಲೂ ಇಲ್ಲ, ಬಾವಿಯೂ ಇಲ್ಲ. ಹಳೆಯ ಜರಿಸೀರೆಗಳನ್ನು ಬೀದಿಯಲ್ಲಿ ಬರುವ ಭಾಂಡೀವಾಲಿ ಕೊಂಡುಹೋದಳು. ಬದಲಿಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟಳು. ಹಿತ್ತಾಳೆಯ ಸಾಮಾನುಗಳು ವರ್ಷಕ್ಕೊಂದರಂತೆ ಪಾತ್ರೆಯಂಗಡಿಯ ತಕ್ಕಡಿಯನ್ನು ಏರಿದವು. ಅಂಗಡಿಯವನು ಹಳೆಯದನ್ನು ತೂಕಕ್ಕೆ ಹಿಡಿದು, ಅಂಕಣ ಕಳೆದು, ಹೊಸದನ್ನು ಕೊಡುವನು. ಮೂರು ಕಿಲೋದ ತಪ್ಪಲೆ ಕೊಟ್ಟು ಒಂದು ಸ್ಟೀಲ್ ಡಬ್ಬಿ, ಎರಡು ಲೋಟ ತಂದ ದಿನ ಮನೆಯಲ್ಲಿ ಹಬ್ಬದ ಸಂಭ್ರಮ. ಬೆರಳಿನ ಬಿರುಕು ಮಾಯ, ಕಲಾಯಿಯ ಖರ್ಚು ಮಾಯ. ಇಂದು ಹಿತ್ತಾಳೆಯನ್ನು ಹೊಗಳುವ ನಾವು ಅಂದು ಒಂದು ದಿನವೂ ಅದನ್ನು ತಿಕ್ಕಿದವರಲ್ಲ. ತಿಕ್ಕಿದವಳು ತಾಯಿ. ಆದ್ದರಿಂದ ಅವಳ ಲೆಕ್ಕ ತಪ್ಪೆಂದು ಹೇಳುವ ಅಧಿಕಾರ ನಮಗಿಲ್ಲ.

ಚುಕ್ಕೆಯ ಅಕ್ಷರಗಳು

ಬಜಾರಿನ ಕೊನೆಗೆ, ಹಿತ್ತಾಳೆಯನ್ನು ತೂಕಕ್ಕೆ ಮಾರುವ ಒಂದು ಅಂಗಡಿ. ಹಂಡೆ, ಕೊಡ, ಪರಾತ, ಪಂಪ್ ಸ್ಟೋವು ಎಲ್ಲವೂ ಒಂದರ ಮೇಲೊಂದು. ನಾವು ಒಂದು ಪಾತ್ರೆಯನ್ನು ಎತ್ತಿ “ಒಳ್ಳೆಯ ತಪ್ಪಲೆ” ಎಂದರೆ ಮಿತ್ರರು “ಅದು ಬೋಗುಣಿ” ಎಂದರು. ನಮ್ಮ ತಂಬಿಗೆ ಅವರಿಗೆ ಚರಿಗಿ, ನಮ್ಮ ಬಟ್ಟಲು ಅವರಿಗೆ ಗಂಗಾಳ. ಈ ವಾದದ ನಡುವೆ ಅವರು ಪಾತ್ರೆಯ ಕಂಠವನ್ನು ಬೆರಳಿನಿಂದ ಉಜ್ಜಿ, “ಇಲ್ಲಿ ನೋಡ್ರಿ” ಎಂದರು.

ಮೊಳೆಯಿಂದ ಕುಟ್ಟಿದ ಚುಕ್ಕೆಚುಕ್ಕೆಯ ಅಕ್ಷರಗಳು. ಕನ್ನಡ! ಅರ್ಧ ನಿಂಬೆಹಣ್ಣು ಆಗ ಉಪಯೋಗಕ್ಕೆ ಬಂತು. ತಿಕ್ಕಿದಂತೆ ಒಂದೊಂದೇ ಅಕ್ಷರ ಮೇಲೆ ಬಂತು. ಮೊದಲ ಹೆಸರು ಸವೆದುಹೋಗಿತ್ತು. ಆಮೇಲೆ ‘ಸೋದರಮಾವನಿಂದ’ ಎಂದೂ, ಕೊನೆಗೆ ‘1951’ ಎಂದೂ ಸ್ಪಷ್ಟವಾಗಿ ಓದಲು ಬಂದಿತು. ಊರಿನ ಹೆಸರಿಲ್ಲ.

ನಮ್ಮಲ್ಲಿ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಹೆಸರು ಕೊರೆಸುವ ವಾಡಿಕೆ ಎಲ್ಲರಿಗೂ ಗೊತ್ತು. ಹತ್ತಾರು ಮನೆಗಳ ಪಾತ್ರೆಗಳು ಸಮಾರಂಭಗಳಲ್ಲಿ ಬೆರೆಯುವಾಗ ಗುರುತು ಬೇಕಲ್ಲ! ಆದರೆ ಇದು ಗುರುತಷ್ಟೇ ಅಲ್ಲ. ಆ ಕಾಲದ ಎಷ್ಟೋ ಹೆಣ್ಣುಮಕ್ಕಳ ಹೆಸರು ಯಾವ ಆಸ್ತಿಪತ್ರದಲ್ಲೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದೇ 1956ರಲ್ಲಿ. ಅದಕ್ಕೆ ಐದು ವರ್ಷ ಮೊದಲು, ಒಬ್ಬ ಸೋದರಮಾವ ತನ್ನ ಸೊಸೆಯ ಹೆಸರನ್ನು ಹಿತ್ತಾಳೆಯ ಮೇಲೆ ಬರೆಯಿಸಿದ್ದ. ಆಕೆಯ ಆಸ್ತಿಪತ್ರ ಅದೇ ಆಗಿದ್ದಿರಬಹುದು. ಅದನ್ನು ಯಾರು, ಯಾವ ಇಕ್ಕಟ್ಟಿನ ಅಡಿಗೆಮನೆಯಿಂದ, ಯಾವ ಸ್ಟೀಲ್ ಡಬ್ಬಿಗಾಗಿ ತಕ್ಕಡಿಗೆ ಹಾಕಿದರೋ! ಅದು ನಮ್ಮ ತಾಯಿಯ ತಪ್ಪಲೆಯಲ್ಲ; ಆಕೆಯದರ ಮೇಲೆ ಏನು ಬರೆದಿತ್ತೆಂದು ಕೂಡ ನಮಗೆ ಗೊತ್ತಿಲ್ಲ. ನೋಡಿರಲೇ ಇಲ್ಲ.

ಅಂಗಡಿಯವನಿಗೆ ಅಕ್ಷರಗಳಲ್ಲಿ ಆಸಕ್ತಿಯಿಲ್ಲ. ತೂಕ ಮಾಡಿದ. ಮಿತ್ರರು ತಪ್ಪಲೆಯನ್ನು ನಮಗೇ ಬಿಟ್ಟುಕೊಟ್ಟರು. “ನಿಮ್ಮ ಕಡೀದು ಇದ್ದಂಗದ, ನೀವ ಒಯ್ರಿ” ಎಂದರು. ಅವರ ಚೀಲದಲ್ಲಿ ಮಗ್ಗು, ನಮ್ಮ ಚೀಲದಲ್ಲಿ ತಪ್ಪಲೆ. ಲೋಕಲ್ ಗಾಡಿಯಲ್ಲಿ ಎದುರುಬದುರಾಗಿ ಕುಳಿತು ಮನೆಗೆ ಬಂದೆವು. ಮಗ್ಗಿನ ಮೇಲೆ ಯಾರ ಹೆಸರೂ ಇರಲಿಲ್ಲ. ಅದರಲ್ಲಿ ಕುಡಿದವರ ಹೆಸರನ್ನು ಯಾರೂ ಕೊರೆಸಿರಲಿಲ್ಲ.

ತಾಯಿ ತಪ್ಪಲೆಯನ್ನು ತಿರುಗಿಸಿ ನೋಡಿ, “ಕಲಾಯಿ ಹೋಗಿದೆ, ಹುಳಿ ಹಾಕಬೇಡಿ” ಎಂದಳು. ಅಷ್ಟೇ. ಕಲಾಯಿಯವನನ್ನು ಹುಡುಕಲು ನಮಗೆ ಎರಡು ವಾರ ಹಿಡಿಯಿತು.

ಕೊನೆಗೆ ಓದುಗ ಬಂಧುಗಳಲ್ಲಿ ಒಂದು ವಿನಂತಿ. ಹಳೆಯ ಪಾತ್ರೆಗಳನ್ನೆಲ್ಲ ಉಳಿಸಿಕೊಳ್ಳಿ ಎಂದು ನಾವು ಹೇಳುವುದಿಲ್ಲ. ಮುಂಬಯಿಯ ಮನೆಗಳ ಅಳತೆ ನಮಗೂ ಗೊತ್ತು. ಕೊಡುವ ಮೊದಲು ಕಂಠವನ್ನು ಒಮ್ಮೆ ನಿಂಬೆಹಣ್ಣಿನಿಂದ ತಿಕ್ಕಿ ನೋಡಿ. ಅಕ್ಷರಗಳಿದ್ದರೆ ಒಂದು ಹಾಳೆಯಲ್ಲಿ ಬರೆದಿಡಿ: ಯಾರು, ಯಾರಿಗೆ, ಯಾವ ವರ್ಷ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ. ಹಾಗೆಯೇ, ನಿಮ್ಮ ಮನೆಯ ಜಗಲಿಯ ಮೂಲೆಯಲ್ಲಿ ಹೆಸರಿಲ್ಲದ ಒಂದು ತಟ್ಟೆ ಇದ್ದಿದ್ದರೆ, ಅದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ನಾವು ನಮ್ಮದನ್ನು ಬರೆದಿದ್ದೇವೆ.

1951ರಲ್ಲಿ ಸೋದರಮಾವನಿಂದ ಪಡೆದ ತಪ್ಪಲೆಯೊಂದು ತಮ್ಮ ಮನೆಯಿಂದ ಹೋದದ್ದು ಯಾರಿಗಾದರೂ ನೆನಪಿದ್ದರೆ ಸಂಘದ ಕಚೇರಿಗೆ ತಿಳಿಸಬೇಕು. ಕಲಾಯಿ ಹಾಕಿಸಿ ಇಟ್ಟಿದ್ದೇವೆ.